ಪ್ರೌಢವೇಣುಶಿಕ್ಷೆ: ಗುರುವಿಲ್ಲದೆ ಕೊಳಲು ಕಲಿಯುವ ವಯಸ್ಕರನ್ನು ಕುರಿತ ಶಾಸ್ತ್ರ

1. ಅನುಬಂಧ ಪ್ರಕರಣ

ಯಾವ ಶಾಸ್ತ್ರವೇ ಆಗಲಿ, ಅದಕ್ಕೆ ಅಧಿಕಾರಿ ಯಾರು, ವಿಷಯ ಯಾವುದು, ಸಂಬಂಧ ಎಂಥದು, ಪ್ರಯೋಜನ ಏನು ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಬೇಕೆಂಬುದು ಹಿಂದಿನಿಂದ ಬಂದ ನಿಯಮ. ನಲವತ್ತು ದಾಟಿದ ಮೇಲೆ ಕೊಳಲು ಕೈಗೆತ್ತಿಕೊಂಡವರ ವಿದ್ಯೆಗೂ ಈ ನಾಲ್ಕು ಉಂಟು.

ಅಧಿಕಾರಿ: ಮನೆಸಾಲದ ಕಂತು ಕಟ್ಟುತ್ತಿರುವವನು, ವರ್ಷಕ್ಕೊಮ್ಮೆಯಾದರೂ ಸಕ್ಕರೆ ಪರೀಕ್ಷೆ ಮಾಡಿಸುವವನು, ‘ಚಿಕ್ಕಂದಿನಲ್ಲೇ ಸಂಗೀತಕ್ಕೆ ಹಾಕಿದ್ದರೆ ಎಲ್ಲಿಗೋ ಹೋಗಿಬಿಡ್ತಿದ್ದೆ’ ಎಂದು ಯಾವುದಾದರೂ ಮದುವೆಮನೆಯ ಪಂಕ್ತಿಯಲ್ಲಿ ಹೇಳಿದವನು. ಹೆಂಗಸರೂ ಅಧಿಕಾರಿಗಳೇ. ಆದರೆ ಅವರು ಸಾಮಾನ್ಯವಾಗಿ ಮೊದಲ ವಾರವೇ ಒಬ್ಬ ಮೇಷ್ಟರನ್ನು ಹುಡುಕಿಕೊಳ್ಳುವಷ್ಟು ವಿವೇಕವುಳ್ಳವರಾದ್ದರಿಂದ ಇಲ್ಲಿನ ಉದಾಹರಣೆಗಳಲ್ಲಿ ಪುಲ್ಲಿಂಗವೇ ಹೆಚ್ಚು.

ವಿಷಯ: ಒಂದು ಬಿದಿರಿನ ಕೊಳವೆಯಿಂದ ಸ್ವಂತ ಪ್ರಯತ್ನದಿಂದಲೇ ನಾದ ಹೊರಡಿಸುವುದು. ಸಂಬಂಧ: ಕೊಳಲಿಗೂ ಅಧಿಕಾರಿಗೂ ಸದ್ಯಕ್ಕೆ ಯಾವ ಸಂಬಂಧವೂ ಇಲ್ಲ, ಅದನ್ನು ಕುದುರಿಸುವುದೇ ಮುಂದಿನ ಪ್ರಕರಣಗಳ ಕೆಲಸ. ಪ್ರಯೋಜನವನ್ನು ಕೊನೆಯಲ್ಲಿ ಹೇಳಲಾಗುವುದು. ಅಲ್ಲಿಯವರೆಗೆ ಓದುವ ತಾಳ್ಮೆ ಉಳ್ಳವನೇ ಊದುವುದಕ್ಕೂ ಅರ್ಹ.

2. ವಾದ್ಯಲಕ್ಷಣ ಪ್ರಕರಣ

ಭರತನ ನಾಟ್ಯಶಾಸ್ತ್ರ ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಕೊಳಲು ಸುಷಿರವರ್ಗಕ್ಕೆ ಸೇರಿದ್ದು. ವಯಸ್ಕರು ಉಳಿದ ಮೂರನ್ನು ಬಿಟ್ಟು ಇದಕ್ಕೇ ಒಲಿಯಲು ಕಾರಣಗಳು ಸ್ಪಷ್ಟ. ವೀಣೆಗೆ ಜಾಗ ಬೇಕು. ಮೃದಂಗದ ಎಡಮುಖಕ್ಕೆ ರವೆ ಕಲಸಿ ಹಚ್ಚಬೇಕು. ಪಿಟೀಲಿಗೆ ಮೊದಲ ದಿನವೇ ಮನೆಯವರ ಒಪ್ಪಿಗೆ ಬೇಕು. ಕೊಳಲಿಗೆ ತಂತಿಯಿಲ್ಲ, ಚರ್ಮವಿಲ್ಲ, ಬಿರಡೆಯಿಲ್ಲ. ನೋಡುವುದಕ್ಕೆ ತೂತು ಕೊರೆದ ಬಿದಿರು. ಇಷ್ಟು ಸರಳವಾದ ವಸ್ತು ಕಷ್ಟ ಕೊಡಲಾರದು ಎಂಬುದು ಈ ಶಾಸ್ತ್ರದಲ್ಲಿ ಮೊದಲ ಭ್ರಾಂತಿ ಎಂದು ಹೇಳಲ್ಪಟ್ಟಿದೆ.

ಭ್ರಾಂತಿಯನ್ನು ಬಲಪಡಿಸಿದವರು ಹೊಯ್ಸಳ ಶಿಲ್ಪಿಗಳು. 13ನೆಯ ಶತಮಾನದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ವೇಣುಗೋಪಾಲನಿಗೆಂದೇ ಒಂದು ಗರ್ಭಗುಡಿಯಿದೆ. ಮೈ ಮೂರು ಕಡೆ ಬಾಗಿದೆ, ಕಾಲ ಮೇಲೆ ಕಾಲು ಬಂದಿದೆ, ಮುಖದಲ್ಲಿ ಆಯಾಸದ ಸುಳಿವೂ ಇಲ್ಲ. ಗೋಪಾಲ ಇಷ್ಟಾಗಲು ಎಷ್ಟು ವರ್ಷ ಸಾಧಕ ಮಾಡಿದನೆಂಬುದನ್ನು ಶಿಲ್ಪಿ ಕೆತ್ತಿಲ್ಲ. ಆ ಭಂಗಿಯನ್ನು ಬೀರುವಿನ ಕನ್ನಡಿಯ ಮುಂದೆ ಅನುಕರಿಸುವವರಿಗೆ ನಾದಕ್ಕಿಂತ ಮೊದಲು ಸೊಂಟ ಹಿಡಿಯುತ್ತದೆ.

ನಾದೋತ್ಪತ್ತಿಯ ಕ್ರಮ ಹೀಗೆ. ತುಟಿಗಳ ನಡುವಿನ ಸಣ್ಣ ಸಂದಿನಿಂದ ಹೊರಟ ಉಸಿರು ಬಾಯಿರಂಧ್ರವನ್ನು ದಾಟಿ ಅದರ ಆಚೆಯ ಅಂಚಿಗೆ ಬಡಿಯಬೇಕು. ಬಡಿದ ಗಾಳಿ ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ, ಸೆಕೆಂಡಿಗೆ ನೂರಾರು ಸಲ ಓಲಾಡಿದಾಗ ಕೊಳವೆಯೊಳಗಿನ ಗಾಳಿ ಕಂಪಿಸಿ ನಾದವಾಗುತ್ತದೆ. ಬೆರಳಿನಿಂದ ರಂಧ್ರ ಮುಚ್ಚಿದಷ್ಟೂ ಆ ಗಾಳಿಯ ಕಂಬ ಉದ್ದವಾಗಿ ಸ್ವರ ಇಳಿಯುತ್ತದೆ. ಉಸಿರಿನ ವೇಗ ಹೆಚ್ಚಿಸಿದರೆ ಅದೇ ಬೆರಳಿಗೆ ಮೇಲಿನ ಸ್ಥಾಯಿ ಸಿಗುತ್ತದೆ. ಅಂದರೆ ಕೊಳಲಿನ ಒಳಕ್ಕೆ ಊದುವವನಿಗೆ ನಾದವಿಲ್ಲ, ಅಂಚಿನ ಮೇಲೆ ಊದುವವನಿಗೆ ಉಂಟು. ಇದು ತಿಳಿಯಲು ಒಂದು ನಿಮಿಷ ಸಾಕು. ತುಟಿಗೆ ತಿಳಿಸಲು ಎಷ್ಟು ಕಾಲ ಬೇಕೆಂಬುದನ್ನು ನಾಲ್ಕನೆಯ ಪ್ರಕರಣ ನಿರೂಪಿಸುತ್ತದೆ.

3. ವಾದ್ಯಪ್ರಾಪ್ತಿ ಪ್ರಕರಣ

ಮೊದಲ ಕೊಳಲು ಅಂಗಡಿಯಿಂದ ಬರುವುದು ಅಪರೂಪ. ಅದು ಜಾತ್ರೆಯಿಂದ ಬರುತ್ತದೆ. ಉತ್ತಮ ಕ್ಷೇತ್ರವೆಂದರೆ ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ. ಅಲ್ಲಿ ಕೊಳಲು ಮಾರುವವನು ಕೋಲೊಂದಕ್ಕೆ ಹತ್ತಾರು ಕೊಳಲು ಸಿಕ್ಕಿಸಿ ಹೆಗಲಿಗೊರಗಿಸಿಕೊಂಡು, ಕೈಯಲ್ಲೊಂದು ಹಿಡಿದು, ಹಳೆಯ ಸಿನಿಮಾ ಹಾಡು ನುಡಿಸುತ್ತ ಜನದ ನಡುವೆ ದಾರಿ ಮಾಡಿಕೊಳ್ಳುತ್ತಿರುತ್ತಾನೆ. ಚಿಲ್ಲರೆ ಎಣಿಸಬೇಕಾದಾಗ ಮಾತ್ರ ಹಾಡು ನಿಲ್ಲುತ್ತದೆ. ಎಣಿಸಿದ ಮೇಲೆ ನಿಂತ ಸ್ವರದಿಂದಲೇ ಮುಂದುವರಿಯುತ್ತದೆ.

ಕೋಲಿನಲ್ಲಿರುವ ಕೊಳಲುಗಳ ಮೇಲೆ ಅಧಿಕಾರಿಗೆ ನಂಬಿಕೆಯಿಲ್ಲ. ‘ನೀನು ನುಡಿಸ್ತಿದ್ದೀಯಲ್ಲ, ಅದನ್ನೇ ಕೊಡಪ್ಪ’ ಎನ್ನುತ್ತಾನೆ. ಮಾರುವವನು ಅದನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟು, ಕೋಲಿನಿಂದ ಇನ್ನೊಂದು ಕಿತ್ತು, ಅದೇ ಹಾಡನ್ನು ನುಡಿಸುತ್ತ ಮುಂದೆ ಹೋಗುತ್ತಾನೆ. ಕೊಳಲು ಮನೆಗೆ ಬರುತ್ತದೆ, ಹಾಡು ಪರಿಷೆಯಲ್ಲೇ ಉಳಿಯುತ್ತದೆ. ಅಲ್ಲಿಯೇ ಸಿಗುವ, ತುದಿಯಿಂದ ಊದುವ ಪೀಪಿ ಯಾರು ಊದಿದರೂ ಕೂಗುತ್ತದೆ. ಅದಕ್ಕೆಂದೇ ಅಧಿಕಾರಿ ಅದನ್ನು ಮುಟ್ಟುವುದಿಲ್ಲ.

4. ನಾದಾಭಾವ ಪ್ರಕರಣ

ಮನೆಗೆ ಬಂದ ಕೊಳಲಿನಿಂದ ಹೊರಡುವುದು ಬರೀ ಉಸಿರಿನ ಸದ್ದು. ಇದನ್ನು ‘ಬರ್ತಾ ಇಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳುವುದು ಅಶಾಸ್ತ್ರೀಯ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಅಭಾವಕ್ಕೆ ನಾಲ್ಕು ಭೇದಗಳಿವೆ. ಕೊಳಲಿನಲ್ಲಿ ನಾಲ್ಕೂ ಕಂಡುಬರುತ್ತವೆ.

ಪ್ರಾಗಭಾವ. ವಸ್ತು ಹುಟ್ಟುವ ಮೊದಲು ಇರುವ ಅಭಾವ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು ಎಂದು ತಾರ್ಕಿಕರು ಹೇಳುತ್ತಾರೆ. ಅಂತ್ಯವುಂಟೆಂಬ ಭಾಗವನ್ನು ಅಧಿಕಾರಿ ನಂಬುವುದಿಲ್ಲ. ಈ ಅವಸ್ಥೆಯ ಮುಖ್ಯ ಲಕ್ಷಣ ತಲೆಸುತ್ತು. ಬಿಡದೆ ಜೋರಾಗಿ ಊದುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಮೆದುಳಿನ ರಕ್ತನಾಳಗಳು ಕುಗ್ಗಿ, ಕಣ್ಣು ಮಂಜಾಗುತ್ತದೆ. ಕೆಲವರು ಇದನ್ನು ನಾದಾನುಸಂಧಾನದ ಮೊದಲ ಮೆಟ್ಟಿಲೆಂದು ಭಾವಿಸಿ ಆನಂದಪಡುತ್ತಾರೆ. ಐದು ನಿಮಿಷ ಸುಮ್ಮನೆ ಕೂತರೆ ಆನಂದ ಇಳಿಯುತ್ತದೆ.

ಪ್ರಧ್ವಂಸಾಭಾವ. ಇದ್ದದ್ದು ನಾಶವಾದ ಮೇಲಿನ ಅಭಾವ, ಆದಿಯುಂಟು, ಅಂತ್ಯವಿಲ್ಲ. ಒಂದು ರಾತ್ರಿ, ಇನ್ನು ಸಾಕೆಂದು ಕೊಳಲು ಕೆಳಗಿಡುವ ಮುನ್ನ ಊದಿದ ಕೊನೆಯ ಉಸಿರಿಗೆ ದುಂಡನೆಯ ನಾದ ಹೊರಡುತ್ತದೆ. ಅಧಿಕಾರಿ ‘ಲೇ, ಬಂತು ಬಾರೇ’ ಎಂದು ಕೂಗುತ್ತಾನೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಲ್ಲುವಷ್ಟರಲ್ಲಿ ನಾದ ಹೋಗಿರುತ್ತದೆ. ಕಾರಣ ಸರಳ: ಕೂಗಲು ಬಾಯಿ ತೆರೆದಾಗ ತುಟಿ ಜಾಗ ಬಿಟ್ಟಿತು, ಅದೇ ಕೋನಕ್ಕೆ ಮರಳುವ ಅಭ್ಯಾಸ ಇನ್ನೂ ತುಟಿಗಾಗಿಲ್ಲ. ಆಕೆ ‘ಬರುತ್ತೆ ಬಿಡಿ’ ಎಂದು ಒಳಗೆ ಹೋದ ಮೇಲೆ ನಾದ ಮತ್ತೆ ಬರುತ್ತದೆ. ಎರಡನೆಯ ಸಲ ಕರೆಯುವ ಧೈರ್ಯ ಬರುವುದಿಲ್ಲ.

ಅತ್ಯಂತಾಭಾವ. ಮೂರು ಕಾಲದಲ್ಲೂ ಇಲ್ಲದಿರುವುದು. ವಾಯುವಿನಲ್ಲಿ ರೂಪವಿಲ್ಲದಿರುವುದು ಇದಕ್ಕೆ ಗ್ರಂಥಗಳು ಕೊಡುವ ಉದಾಹರಣೆ. ಭಾವಮೈದುನ ಮನೆಗೆ ಬಂದು ಸೋಫಾದಲ್ಲಿ ಒರಗಿ ‘ಕೊಳಲು ಶುರು ಮಾಡಿದ್ದೀರಂತೆ ಭಾವ, ಏನಾದ್ರೂ ನುಡಿಸಿ ನೋಡೋಣ’ ಎಂದಾಗ ಉಂಟಾಗುವುದು ಈ ಅಭಾವ. ಅಂಜಿಕೆಗೆ ಬಾಯಿ ಒಣಗುತ್ತದೆ, ತುಟಿ ಅದುರುತ್ತದೆ, ಭೂತ, ಭವಿಷ್ಯತ್, ವರ್ತಮಾನಗಳಲ್ಲಿ ನಾದವಿರುವುದಿಲ್ಲ.

ಅನ್ಯೋನ್ಯಾಭಾವ. ಘಟವು ಪಟವಲ್ಲ ಎಂಬಂಥ ಪರಸ್ಪರ ಭೇದ. ಅಧಿಕಾರಿ ತನ್ನ ವಾದನವನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳಿದ ದಿನ ಇದರ ಸಾಕ್ಷಾತ್ಕಾರವಾಗುತ್ತದೆ. ನುಡಿಸುವಾಗ ಕೇಳಿಸಿದ್ದು ಮುದ್ರಿಕೆಯಲ್ಲಿಲ್ಲ, ಮುದ್ರಿಕೆಯಲ್ಲಿರುವುದು ನುಡಿಸುವಾಗ ಕೇಳಿಸಿರಲಿಲ್ಲ.

5. ರಂಧ್ರ ಪ್ರಕರಣ

ನಾದ ಸಿದ್ಧಿಸಿದ ಮೇಲೆ ಬೆರಳುಗಳ ವಿಚಾರ. ಮೇಲಿನ ರಂಧ್ರವೊಂದರಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಕೆಳಗಿನ ಸ್ವರಗಳೆಲ್ಲ ಕೆಡುತ್ತವೆ. ಸಂದಿ ಬಿಡುವುದು ಬಹುಮಟ್ಟಿಗೆ ಉಂಗುರದ ಬೆರಳು. ಪಕ್ಕದ ಬೆರಳುಗಳನ್ನು ಕೇಳದೆ ಅದು ಒಂಟಿಯಾಗಿ ಏಳದು. ನಲವತ್ತು ವರ್ಷ ಉಂಗುರ ಹೊರುವುದಲ್ಲದೆ ಬೇರೆ ಉದ್ಯೋಗವಿಲ್ಲದಿದ್ದ ಬೆರಳಿಗೆ ಒಮ್ಮೆಗೇ ಜವಾಬ್ದಾರಿ ಹೊರಿಸಿದರೆ ಹೀಗಾಗುವುದು ಸಹಜ.

ಕನ್ನಡಿಗ ಅಧಿಕಾರಿಗೆ ಇಲ್ಲಿ ವಿಶೇಷ ಗಂಡಾಂತರವೊಂದಿದೆ. ಕರ್ನಾಟಕ ಸಂಗೀತದ ಕೊಳಲಿನಲ್ಲಿ ಮೇಲಿನ 2 ರಂಧ್ರ ಮುಚ್ಚಿದರೆ ಷಡ್ಜ. ಹಿಂದೂಸ್ತಾನಿ ಬಾನ್ಸುರಿಯಲ್ಲಿ 3 ಮುಚ್ಚಿದರೆ ಷಡ್ಜ, 2 ಮುಚ್ಚಿದರೆ ರಿಷಭ. ಮೈಸೂರು ಕಡೆಗೆ ಒಂದು ಪದ್ಧತಿ, ಧಾರವಾಡದ ಕಡೆಗೆ ಇನ್ನೊಂದು ಬೇರುಬಿಟ್ಟಿರುವ ರಾಜ್ಯದಲ್ಲಿ ಗುರುವಿಲ್ಲದವನು ಎರಡನ್ನೂ ಕೇಳುತ್ತಾನೆ. ಬೆಳಿಗ್ಗೆ ಒಂದು ವೀಡಿಯೊ, ರಾತ್ರಿ ಇನ್ನೊಂದು. ಬೆಳಗಿನ ಷಡ್ಜ ಊಟವಾಗುವಷ್ಟರಲ್ಲಿ ರಿಷಭವಾಗಿರುತ್ತದೆ. ದಾವಣಗೆರೆಯ ಆಸುಪಾಸಿನವರು ಈ ವಿಷಯದಲ್ಲಿ ಹೆಚ್ಚು ಜಾಗರೂಕರಾಗಿರತಕ್ಕದ್ದು.

ಎರಡನೆಯ ತೊಡಕು ಪಾಠಕ್ರಮದ್ದು. ಸರಳೆ ವರಸೆಗಳನ್ನು ಮಾಯಾಮಾಳವಗೌಳದಲ್ಲಿ ಆರಂಭಿಸುವ ಪದ್ಧತಿ ಪುರಂದರದಾಸರಿಂದ ಬಂದದ್ದೆಂದು ಪರಂಪರೆ ಹೇಳುತ್ತದೆ. 15ನೆಯ ಮೇಳವಾದ ಈ ರಾಗ ಕಂಠಕ್ಕೆ ಅನುಕೂಲ. ಆದರೆ ಕರ್ನಾಟಕ ಕೊಳಲಿನ ತೆರೆದ ರಂಧ್ರಗಳು ಸಹಜವಾಗಿ ಕೊಡುವುದು 28ನೆಯ ಮೇಳವಾದ ಹರಿಕಾಂಭೋಜಿ. ಮಾಯಾಮಾಳವಗೌಳದ ಶುದ್ಧ ರಿಷಭ, ಶುದ್ಧ ಧೈವತ, ಕಾಕಲಿ ನಿಷಾದ ಮೂರಕ್ಕೂ ರಂಧ್ರವನ್ನು ಅರೆಬರೆ ಮುಚ್ಚಬೇಕು. ಪೂರ್ತಿ ಮುಚ್ಚಲೇ ಬಾರದ ಬೆರಳಿಗೆ ಅರ್ಧ ಮುಚ್ಚುವ ಪಾಠ ಮೊದಲು ಬರುತ್ತದೆ. ಅದನ್ನು ದಾಟಿ ಪಿಳ್ಳಾರಿ ಗೀತೆಗೆ ಹೋದರೆ ಅಲ್ಲಿ ಮಲಹರಿ ರಾಗ. ಅದೂ ಮಾಯಾಮಾಳವಗೌಳದ ಮಗುವೇ. ಮೇಷ್ಟರಿದ್ದರೆ ಹರಿಕಾಂಭೋಜಿಯಿಂದ ಶುರುಮಾಡಿಸಿಯಾರು. ಸ್ವಯಂಶಿಕ್ಷಿತನು ಸಂಪ್ರದಾಯವನ್ನು ಬಿಡುವಷ್ಟು ಸಂಪ್ರದಾಯ ತಿಳಿದವನಲ್ಲವಾಗಿ ಮಾಯಾಮಾಳವಗೌಳಕ್ಕೇ ಅಂಟಿಕೊಳ್ಳುತ್ತಾನೆ.

6. ಗುರುಸ್ಥಾನ ಪ್ರಕರಣ

ಸ್ವಯಂಶಿಕ್ಷಿತರ ಕುಲಪುರುಷ ಏಕಲವ್ಯ. ಅವನು ಗುರುವಿನ ಮಣ್ಣಿನ ಮೂರ್ತಿಯನ್ನಾದರೂ ಮಾಡಿಕೊಂಡಿದ್ದ. ಇಲ್ಲಿ ಆ ಸ್ಥಾನದಲ್ಲಿರುವುದು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಗೆ ಒರಗಿಸಿದ ಮೊಬೈಲು. ಈ ಗುರು ಎಂದೂ ಗದರಿಸುವುದಿಲ್ಲ, ಎಷ್ಟು ಸಲ ಕೇಳಿದರೂ ಬೇಸರಿಸುವುದಿಲ್ಲ, ನಡುನಡುವೆ ಹೊಲಿಗೆಯಂತ್ರದ ಜಾಹೀರಾತು ತೋರಿಸುತ್ತಾನೆ. ದಕ್ಷಿಣೆಯಾಗಿ ಹೆಬ್ಬೆರಳನ್ನು ಕೇಳುವ ಭಯವೂ ಇಲ್ಲ. ಕೇಳಿದರೂ ಕೊಡಲಾಗದು: ಕೊಳಲಿನ ಭಾರ ಹೊರುವುದು ಹೆಬ್ಬೆರಳುಗಳೇ.

ಗುರು ಎದುರಿಗೆ ಕಾಣುವುದರಿಂದ ಒಂದು ವಿಪರ್ಯಯ ಉಂಟಾಗುತ್ತದೆ. ಅವನ ಬಲಕ್ಕೆ ಚಾಚಿದ ಕೊಳಲು ನೋಡುವವನ ಎಡಕ್ಕೆ ಕಾಣುತ್ತದೆ. ಶಿಷ್ಯನೂ ಎಡಕ್ಕೇ ಹಿಡಿಯುತ್ತಾನೆ. ಹರಿಪ್ರಸಾದ್ ಚೌರಾಸಿಯಾ ಅವರು ಅನ್ನಪೂರ್ಣಾ ದೇವಿಯವರ ಬಳಿ ಹೊಸದಾಗಿ ಕಲಿಯಲು ನಿಂತಾಗ, ಹಳೆಯದನ್ನೆಲ್ಲ ಬಿಟ್ಟದ್ದಕ್ಕೆ ಸಾಕ್ಷಿಯಾಗಿ ಕೊಳಲನ್ನು ಬಲದಿಂದ ಎಡಕ್ಕೆ ಬದಲಿಸಿ ಮೊದಲಿನಿಂದ ಅಭ್ಯಾಸ ಮಾಡಿದರು. ಅಧಿಕಾರಿ ಆ ಮಟ್ಟವನ್ನು ಮೊದಲ ದಿನವೇ ಮುಟ್ಟುತ್ತಾನೆ, ಕಾರಣ ಮಾತ್ರ ಬೇರೆ.

ಗುರುವಿಲ್ಲದ ವಿದ್ಯೆಗೆ ಪ್ರಮಾಣವಾಗಿ ಟಿ. ಆರ್. ಮಹಾಲಿಂಗಂ ಅವರ ಹೆಸರನ್ನು ಉದಾಹರಿಸುವುದುಂಟು. ‘ಮಾಲಿ’ ಎಂದೇ ಪ್ರಸಿದ್ಧರಾದ ಅವರು ಕೊಳಲನ್ನು ಬಹುಪಾಲು ಕೇಳಿಯೇ ಕಲಿತವರು ಎಂಬುದು ನಿಜ. ಏಳನೆಯ ವಯಸ್ಸಿಗೆ ಮೈಲಾಪುರದಲ್ಲಿ ಕಚೇರಿ ಕೊಟ್ಟರು ಎಂಬ ಭಾಗವನ್ನು ಬಿಟ್ಟು ಉದಾಹರಿಸುವುದು ವಾಡಿಕೆ.

7. ದೋಷಾರೋಪ ಪ್ರಕರಣ

ಸ್ವರ ಸರಿಬಾರದಿದ್ದಾಗ ದೋಷವನ್ನು ಹಂಚುವ ಕ್ರಮ ನಿಶ್ಚಿತವಾಗಿದೆ. ಮೊದಲು ಕೊಳಲು. ಪರಿಷೆಯ ಕೊಳಲು ಯಾವ ಶ್ರುತಿಗೂ ಕೂರದೆಂಬುದು ಅನೇಕ ಸಲ ನಿಜವೂ ಹೌದಾದ್ದರಿಂದ ಈ ಆರೋಪಕ್ಕೆ ಬಲವುಂಟು. ಆಗ ಅಧಿಕಾರಿ ಅಸ್ಸಾಮಿನ ತೆಳುಗೋಡೆಯ ಬಿದಿರು, ಕಾದ ಕಬ್ಬಿಣದಿಂದ ಕೊರೆದ ರಂಧ್ರ, ಸೀಳದಂತೆ ಸುತ್ತಿದ ದಾರ ಎಂದೆಲ್ಲ ಮಾತಾಡಲು ಕಲಿತು ಎರಡನೆಯದನ್ನು ತರಿಸುತ್ತಾನೆ. ಅದರ ಜೊತೆ ಮಖಮಲ್ಲಿನ ಚೀಲ ಬರುತ್ತದೆ. ಮೂರನೆಯದು ಪನ್ನಾಲಾಲ್ ಘೋಷ್ ಪ್ರಯೋಗ ಮಾಡಿ ರೂಢಿಗೆ ತಂದ ಉದ್ದದ ಬಾನ್ಸುರಿ. ಅದರ ಕೊನೆಯ ರಂಧ್ರಕ್ಕೆ ಬೆರಳು ಎಟುಕುವುದಿಲ್ಲವಾಗಿ ಗೋಡೆಯಲ್ಲಿ ಮೊಳೆ ಹೊಡೆದು ತೂಗುಹಾಕಲಾಗುತ್ತದೆ. ಅಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ಕೊಳಲಿನ ನಂತರ ಹವೆ, ಹವೆಯ ನಂತರ ಫ್ಯಾನು. ಫ್ಯಾನಿನ ಗಾಳಿ ಬಾಯಿರಂಧ್ರಕ್ಕೆ ಅಡ್ಡಬಂದು ನಾದ ಕೆಡಿಸುವುದು ಸತ್ಯವೇ. ಆರಿಸಿದ ಮೇಲೂ ಕೆಟ್ಟಾಗ ತಂಬೂರಿಯ ಸರದಿ. ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಜಿನಿಯರರೂ ಹೌದು, ಕೊಳಲುವಾದಕರೂ ಹೌದು. ಕೊಳಲಿನವರೇ ಮಾಡಿದ ಸಾಧನವನ್ನು ಸುಳ್ಳುಸಾಕ್ಷಿ ಎನ್ನಲು ಬರುವುದಿಲ್ಲ. ಅದನ್ನು ಆರಿಸಬಹುದು, ಬಹಳ ಮಂದಿ ಆರಿಸುತ್ತಾರೆ.

8. ಪರಿಸರ ಪ್ರಕರಣ

ಗೃಹದಲ್ಲಿ ಕೊಳಲಿನ ಪರಿಣಾಮ ಅಡುಗೆಮನೆಯಲ್ಲಿ ಮೊದಲು ಕಾಣಿಸುತ್ತದೆ. ತಾರಸ್ಥಾಯಿಗೆ ಹೋದ ಕೊಳಲು ಹಠಾತ್ತನೆ ಕಿರುಚಿದಾಗ ಒಳಗಿನಿಂದ ‘ರೀ, ಕುಕ್ಕರ್ ಎಷ್ಟು ಕೂಗ್ತು?’ ಎಂಬ ಪ್ರಶ್ನೆ ಬರುತ್ತದೆ. ಎರಡು ಕುಕ್ಕರಿನವು, ಒಂದು ತನ್ನದು ಎಂದು ಲೆಕ್ಕ ಒಪ್ಪಿಸುವ ಧೈರ್ಯವಿಲ್ಲದವನ ಮನೆಯಲ್ಲಿ ಅಂದು ಬೇಳೆ ಬೆಂದಿರುವುದಿಲ್ಲ.

ನೆರೆಹೊರೆಯ ಲಕ್ಷಣಕ್ಕೆ ಅಪಾರ್ಟ್‌ಮೆಂಟಿನ ಲಿಫ್ಟು ಉತ್ತಮ ದೃಷ್ಟಾಂತ. ಮೇಲಿನ ಮಹಡಿಯ ಹಿರಿಯರೊಬ್ಬರು ಹಾಲಿನ ಪ್ಯಾಕೆಟ್ ಹಿಡಿದು ಒಳಗೆ ಬರುತ್ತಾರೆ. ‘ನಿಮ್ಮನೇಲಿ ಮಗು ಕೊಳಲು ಕಲೀತಿದೆ ಅನ್ಸುತ್ತೆ. ಪಾಪ, ದಿನಾ ಬಿಡದೆ ಊದುತ್ತೆ. ಎಷ್ಟು ವಯಸ್ಸು?’ ಎನ್ನುತ್ತಾರೆ. ನಲವತ್ತಾರು ತುಂಬಿದ ಅಧಿಕಾರಿ ಲಿಫ್ಟಿನ ಅಂಕಿಗಳನ್ನು ನೋಡುತ್ತ ‘ಎಂಟು’ ಎನ್ನುತ್ತಾನೆ. ‘ಪರವಾಗಿಲ್ಲ, ಆ ವಯಸ್ಸಿಗೆ ಚೆನ್ನಾಗೇ ಬರ್ತಿದೆ ಅನ್ನಿ’ ಎಂದು ಹಿರಿಯರು ಇಳಿದುಹೋಗುತ್ತಾರೆ. ಅಂದಿನಿಂದ ಅಭ್ಯಾಸ ಮಲಗುವ ಕೋಣೆಗೆ ಸ್ಥಳಾಂತರವಾಗುತ್ತದೆ. ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಊದಲಾಗುತ್ತದೆ.

9. ಪೂರ್ವಪಕ್ಷ ಮತ್ತು ಸಿದ್ಧಾಂತ

ವಯಸ್ಸಾದವರ ಬೆರಳು ಬಗ್ಗದೆಂಬುದು ಮೊದಲ ಪೂರ್ವಪಕ್ಷ. ಇದು ನಿಲ್ಲದು. ದಿನವಿಡೀ ಕೀಲಿಮಣೆ ಕುಟ್ಟುವ ಬೆರಳು ಬಗ್ಗದೆ ಏನು? ಚೌರಾಸಿಯಾ ಅವರೇ ಒಂದು ಕಾಲಕ್ಕೆ ಟೈಪಿಸ್ಟ್ ಆಗಿದ್ದವರು. ಉಸಿರು ಸಾಲದೆಂಬುದು ಎರಡನೆಯದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಯವನನ್ನು ಕರೆದು ಮಾತಾಡಿಸುವ ಉಸಿರು ಎರಡು ಆವರ್ತಕ್ಕೆ ಧಾರಾಳವಾಗಿ ಸಾಕು. ಹೊತ್ತು ಮೀರಿತೆಂಬುದು ಮೂರನೆಯದು. ಕಚೇರಿಯ ವೇದಿಕೆಗೆ ಕೊಳಲೇ ಹೊತ್ತು ಮೀರಿ ಬಂದ ವಾದ್ಯ. ಕರ್ನಾಟಕ ಸಂಗೀತದಲ್ಲಿ ಅದನ್ನು ಮುಖ್ಯ ವಾದ್ಯವಾಗಿ ಕೂರಿಸಿದವರು ಕುಂಭಕೋಣದ ಶರಭಶಾಸ್ತ್ರಿಗಳು (1872–1904), ಹಿಂದೂಸ್ತಾನಿಯಲ್ಲಿ ಪನ್ನಾಲಾಲ್ ಘೋಷ್ (1911–1960). ವೀಣೆಯ ಮುಂದೆ ಇವೆಲ್ಲ ನಿನ್ನೆ ಮೊನ್ನೆಯ ಮಾತು.

ಹಾಗಾದರೆ ಮಗುವಿಗೆ ಬರುವುದು ದೊಡ್ಡವನಿಗೆ ಏಕೆ ಬಾರದು? ಮಗುವಿನ ಕಿವಿಯೂ ಕೈಯೂ ಒಟ್ಟಿಗೆ ಬೆಳೆಯುತ್ತವೆ. ತನ್ನ ಅಪಸ್ವರ ಅಪಸ್ವರವೆಂದು ಅದಕ್ಕಿನ್ನೂ ತಿಳಿದಿಲ್ಲ. ದೊಡ್ಡವನ ಕಿವಿ ಆಕಾಶವಾಣಿ ಕೇಳುತ್ತ ನಲವತ್ತು ವರ್ಷ ಬೆಳೆದಿದೆ, ಕೈ ಮೊನ್ನೆ ಹುಟ್ಟಿದೆ. ತಾನು ಎಷ್ಟು ಕೆಟ್ಟದಾಗಿ ನುಡಿಸುತ್ತಿದ್ದೇನೆಂಬುದು ಅವನಷ್ಟು ಚೆನ್ನಾಗಿ ಬೇರಾರಿಗೂ ತಿಳಿಯದು. ಆದ್ದರಿಂದ ಸಂಕೋಚ, ಸಂಕೋಚದಿಂದ ಮುಚ್ಚಿದ ಬಾಗಿಲು, ಮುಚ್ಚಿದ ಬಾಗಿಲೊಳಗೆ ಮೆಲ್ಲಗಿನ ಊದು. ಮೆಲ್ಲಗೆ ಊದಿ ತುಂಬು ನಾದ ತೆಗೆಯುವುದು ವಿದ್ವಾಂಸರ ಕೆಲಸ; ಹೊಸಬ ಮೆಲ್ಲಗೆ ಊದಿದರೆ ಉಸಿರು ಅಂಚು ಮುಟ್ಟುವ ಮೊದಲೇ ಚದುರಿ ಮತ್ತೆ ಪ್ರಾಗಭಾವವೇ. ಹೀಗೆ ಕೆಟ್ಟ ನಾದವನ್ನು ಅಡಗಿಸುವ ಉಪಾಯದಿಂದಲೇ ಕೆಟ್ಟ ನಾದ ಹುಟ್ಟುತ್ತದೆ.

ಪೈಲ್ವಾನ್ ತಂದೆಗೆ ಹೆದರಿ ಚೌರಾಸಿಯಾ ಅವರೂ ಕದ್ದು ಕಲಿತರಲ್ಲವೇ ಎಂದು ಆಕ್ಷೇ‌ಪಿಸಬಹುದು. ಅವರು ಗೆಳೆಯನ ಮನೆಗೆ ಹೋಗಿ ಅಭ್ಯಾಸ ಮಾಡಿದರು, ಟವೆಲ್ ತುರುಕಿ ಅಲ್ಲ. ಆದ್ದರಿಂದ ಪ್ರೌಢವೇಣುಶಿಕ್ಷೆಗೆ ಇರುವ ಪ್ರತಿಬಂಧಕ ಒಂದೇ, ಅದರ ಹೆಸರು ಮರ್ಯಾದೆ ಎಂದು ಸಿದ್ಧಾಂತ.

10. ಪ್ರಯೋಜನ ಪ್ರಕರಣ

ಈ ಶಿಕ್ಷೆಯಿಂದ ಯಾರೂ ವಿದ್ವಾಂಸರಾಗುವುದಿಲ್ಲ. ಆದರೆ ಬೆಂಗಳೂರಿನ ಕೋಟೆ ಹೈಸ್ಕೂಲಿನ ರಾಮನವಮಿ ಸಂಗೀತೋತ್ಸವದಲ್ಲಿ ಕೊಳಲು ಕಚೇರಿಯ ನಡುವೆ ಕ್ಯಾಂಟೀನಿನ ಕಡೆಗೆ ಏಳುತ್ತಿದ್ದವನು ಏಳುವುದನ್ನು ಬಿಡುತ್ತಾನೆ. ಶುದ್ಧ ರಿಷಭ ಸ್ವಲ್ಪವೂ ಅಲುಗದೆ ನಿಂತಾಗ, ಅರ್ಧ ತೆರೆದ ಆ ಒಂದು ರಂಧ್ರದ ಮೇಲೆ ಎಷ್ಟು ವರ್ಷಗಳಿವೆಯೆಂದು ಅವನಿಗೆ ಗೊತ್ತಿರುತ್ತದೆ. ಪಕ್ಕದಲ್ಲಿ ಕೂತು ತಲೆದೂಗುತ್ತಿರುವವರಲ್ಲಿ ಬಹುಮಂದಿಗೆ ಗೊತ್ತಿರುವುದಿಲ್ಲ. ಕೇಳುವುದಕ್ಕೆ ಸಿಗುವ ಈ ಅರ್ಹತೆಗೆ ಕೊಟ್ಟ ಬೆಲೆ ಹೆಚ್ಚಾಯಿತೆಂದು ಯಾವ ಅಧಿಕಾರಿಯೂ ಹೇಳಿದ್ದಿಲ್ಲ.

ವಿಧಿಗಳು ಇಷ್ಟೇ. ಹತ್ತಿರದಲ್ಲಿ ಮೇಷ್ಟರಿದ್ದರೆ ಹತ್ತು ವರ್ಷದ ಮಕ್ಕಳ ಪಕ್ಕ ಜಮಖಾನದ ಮೇಲೆ ಕೂತು ಕಲಿಯತಕ್ಕದ್ದು. ಇಲ್ಲದಿದ್ದರೆ ಒಂದೇ ಪದ್ಧತಿಯನ್ನು ಹಿಡಿಯತಕ್ಕದ್ದು. ತಂಬೂರಿಯನ್ನು ಆರಿಸಬಾರದು. ಬಾಗಿಲು ತೆರೆದಿಟ್ಟು ಗಟ್ಟಿಯಾಗಿ ಊದತಕ್ಕದ್ದು. ಲಿಫ್ಟಿನಲ್ಲಿ ಯಾರಾದರೂ ವಯಸ್ಸು ಕೇಳಿದರೆ ನಿಜ ಹೇಳತಕ್ಕದ್ದು.